ಶಟಲ್ ಆಡಿ ಬಂದ ಮೇಲೆ ಸಕ್ಕರೆ ಏರುತ್ತಿತ್ತು

ಆಡುವ ಮುನ್ನ 148. ಆಟ ಮುಗಿಸಿ ಬೆವರು ಒರೆಸಿಕೊಳ್ಳುತ್ತ ನೋಡಿದರೆ 213. ನಡುವೆ ನಾಲ್ಕು ಗುಟುಕು ನೀರು ಬಿಟ್ಟರೆ ಬಾಯಿಗೆ ಏನೂ ಹೋಗಿಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಇಂಥ ಅಂಕಿ ಕಂಡಾಗ ಬರುವ ಸಿಟ್ಟೇ ಬೇರೆ. ಮಾಲಪುರಿ ತಿಂದು ಏರಿದ್ದರೆ ತಿಂದ ಸುಖವಾದರೂ ಉಳಿಯುತ್ತಿತ್ತು. ಇಲ್ಲಿ ಮೈಕೈ ನೋವೂ ನಮ್ಮದೇ, ಏರಿದ ಸಕ್ಕರೆಯೂ ನಮ್ಮದೇ.

ನಾನು ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ವಯಸ್ಸು ಐವತ್ತರ ಹತ್ತಿರ. ಟೈಪ್ 2 ಮಧುಮೇಹ ಬಂದು ಆರೇಳು ವರ್ಷವಾಯಿತು. ಎರಡು ಹೊತ್ತು ಮೆಟ್‌ಫಾರ್ಮಿನ್ ಗುಳಿಗೆ, ಬೆಳಗಿನ ತಿಂಡಿಗೆ ಮೊದಲು ದೇಹದಲ್ಲಿ ಇನ್ಸುಲಿನ್ ಹೆಚ್ಚಿಸಿ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್. ನಮ್ಮೂರಿನ ಅಪ್ಪನ ಕೆರೆಯ ಸುತ್ತ ವರ್ಷಗಟ್ಟಲೆ ನಡೆದಿದ್ದೇನೆ. ನಡಿಗೆಯಿಂದ ಸಕ್ಕರೆ ತಕ್ಕಮಟ್ಟಿಗೆ ಇಳಿಯುತ್ತಿತ್ತು, ಹೊಟ್ಟೆ ಮಾತ್ರ ಇಳಿಯುತ್ತಿರಲಿಲ್ಲ. ಬೆಳಗಿನ ಐದೂವರೆಗೆ ಶಟಲ್ ಬ್ಯಾಡ್ಮಿಂಟನ್ ಆಡುವ ಗುಂಪೊಂದು ನಮ್ಮ ಬಡಾವಣೆಯಲ್ಲೇ ಇತ್ತು. ಅವರ ಜೊತೆ ಸೇರಿಕೊಂಡೆ.

ಸೇರುವ ಮೊದಲು ವೈದ್ಯರ ಬಳಿ ಹೋಗಿದ್ದೆ. ಅವರು ಇಸಿಜಿ ಮತ್ತು ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿದರು, ಕಣ್ಣಿನ ಪರದೆ ತೋರಿಸಿಕೊಂಡು ಬರಲು ಕಳಿಸಿದರು, ಚಪ್ಪಲಿ ಬಿಡಿಸಿ ಪಾದಗಳ ಸ್ಪರ್ಶಜ್ಞಾನ ನೋಡಿದರು. ಆಗ ಇದೆಲ್ಲ ಅತಿಯಾಯಿತು ಎನ್ನಿಸಿದ್ದು ನಿಜ. ಆದರೆ ಕಣ್ಣಿನ ಪರದೆಯಲ್ಲಿ ಹೊಸ ನಾಜೂಕು ರಕ್ತನಾಳಗಳು ಬೆಳೆದಿದ್ದರೆ ಭಾರ ಎತ್ತುವುದು, ಉಸಿರು ಬಿಗಿಹಿಡಿದು ಮುಕ್ಕರಿಯುವುದು ರಕ್ತಸ್ರಾವಕ್ಕೆ ದಾರಿಯಾಗಬಹುದು. ಪಾದದ ಸ್ಪರ್ಶ ಸತ್ತಿದ್ದರೆ ಶೂ ಒಳಗೆ ಎದ್ದ ಬೊಕ್ಕೆ ಗೊತ್ತೇ ಆಗುವುದಿಲ್ಲ. ನಡಿಗೆಯಿಂದ ಬಿರುಸಿನ ಆಟಕ್ಕೆ ಜಿಗಿಯುವವರು ಈ ಹಂತವನ್ನು ಹಾರಿಸಬಾರದು.

ಏರಿಕೆ ಕಂಡಾಗ ಮೊದಲು ಅನುಮಾನಿಸಿದ್ದು ಸಕ್ಕರೆ ಅಳೆಯುವ ಗ್ಲುಕೋಮೀಟರನ್ನು. ಅನುಮಾನ ಪೂರ್ತಿ ಸುಳ್ಳಾಗಿರಲಿಲ್ಲ. ನಮ್ಮಲ್ಲೊಬ್ಬರು ದಿನವೂ ಬಾಳೆಹಣ್ಣು ತರುತ್ತಾರೆ. ಹಣ್ಣು ಸುಲಿದ ಬೆರಳನ್ನೇ ಚುಚ್ಚಿದರೆ ಯಂತ್ರ ಹಣ್ಣಿನ ಸಕ್ಕರೆಯನ್ನೂ ಸೇರಿಸಿ ಲೆಕ್ಕ ಹೇಳುತ್ತದೆ. ಸಾಬೂನಿನಿಂದ ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು, ಬೆರಳಿನ ತುದಿಯ ಪಕ್ಕಕ್ಕೆ ಚುಚ್ಚುವುದನ್ನು ರೂಢಿ ಮಾಡಿಕೊಂಡೆ. ಯಂತ್ರಕ್ಕೂ ಅದರದೇ ಮಿತಿ ಇದೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ 100ಕ್ಕಿಂತ ಮೇಲಿನ ಅಂಕಿಗಳಲ್ಲಿ ಶೇಕಡಾ 15ರಷ್ಟು ಆಚೀಚೆ ಆಗುವುದಕ್ಕೆ ಅವಕಾಶವಿದೆ. ಅಂದರೆ ರಕ್ತದಲ್ಲಿ ನಿಜವಾಗಿ 200 ಇದ್ದರೂ ಯಂತ್ರ 170 ತೋರಿಸಬಹುದು, 230ನ್ನೂ ತೋರಿಸಬಹುದು. ಹತ್ತು ಅಂಕಿ ಏರಿತೆಂದು ತಲೆ ಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಆದರೆ ನನ್ನ ಏರಿಕೆ ಅರವತ್ತರ ಆಸುಪಾಸು, ಅದೂ ಮತ್ತೆ ಮತ್ತೆ. ಇದು ಯಂತ್ರದ ಆಟವಲ್ಲ ಎಂಬುದು ಸ್ಪಷ್ಟವಾಯಿತು.

ಕಾರಣವನ್ನು ವೈದ್ಯರು ವಿವರಿಸಿದ ಮೇಲೆ ಅರ್ಧ ಆತಂಕ ಇಳಿಯಿತು. ಬಿರುಸಿನ ವ್ಯಾಯಾಮವನ್ನು ದೇಹ ಒಂದು ತುರ್ತು ಎಂದೇ ಭಾವಿಸುತ್ತದೆ. ಅಡ್ರಿನಲಿನ್ ಎಂಬ ಹಾರ್ಮೋನು ಉಕ್ಕುತ್ತದೆ, ಗ್ಲುಕಗಾನ್ ಮತ್ತು ಕಾರ್ಟಿಸೋಲ್ ಎಂಬ ಹಾರ್ಮೋನುಗಳೂ ಜೊತೆಗೂಡುತ್ತವೆ. ಯಕೃತ್ತು ತಾನು ಕೂಡಿಟ್ಟ ಗ್ಲೈಕೋಜನ್ನನ್ನು ಒಡೆದು ಗ್ಲೂಕೋಸ್ ಮಾಡಿ ರಕ್ತಕ್ಕೆ ಬಿಡುತ್ತದೆ. ಏದುಸಿರು ಬರುವಂಥ ಶ್ರಮದಲ್ಲಿ ಈ ಬಿಡುಗಡೆ ವಿಶ್ರಾಂತಿಯ ಹೊತ್ತಿಗಿಂತ ಏಳೆಂಟು ಪಟ್ಟು ಆಗಬಲ್ಲದು. ಸ್ನಾಯುಗಳು ರಕ್ತದಿಂದ ಎಳೆದುಕೊಳ್ಳುವ ಪ್ರಮಾಣ ಏರುವುದು ಮೂರು ನಾಲ್ಕು ಪಟ್ಟು ಮಾತ್ರ. ತೊಗರಿ ಸುಗ್ಗಿಯಲ್ಲಿ ನಮ್ಮ ಎಪಿಎಂಸಿಗೆ ಆವಕ ಒಮ್ಮೆಲೇ ನುಗ್ಗಿ, ಮಿಲ್‌ಗಳ ಖರೀದಿ ಎಂದಿನಂತೆಯೇ ನಡೆದರೆ ಚೀಲಗಳು ಪ್ರಾಂಗಣದಲ್ಲೇ ಉಳಿಯುತ್ತವಲ್ಲ, ಹಾಗೆ. ಆರೋಗ್ಯವಂತರಲ್ಲೂ ಆಟದ ಕೊನೆಗೆ ಸಕ್ಕರೆ ತುಸು ಏರುತ್ತದೆ. ಅವರಲ್ಲಿ ಆಟ ನಿಂತ ಕೂಡಲೇ ಇನ್ಸುಲಿನ್ ಹೆಚ್ಚಾಗಿ ಬಂದು ಅದನ್ನು ಕೆಳಗಿಳಿಸುತ್ತದೆ. ನಮ್ಮಂಥವರಲ್ಲಿ ಇನ್ಸುಲಿನ್ ತಡವಾಗಿ ಬರುತ್ತದೆ, ಬಂದರೂ ಪೂರ್ತಿ ಕೆಲಸ ಮಾಡುವುದಿಲ್ಲ.

ನನ್ನ ಆಟದ ಹೊತ್ತೂ ಇದಕ್ಕೆ ಕೈಜೋಡಿಸಿತ್ತು. ನಸುಕಿನಲ್ಲಿ ಯಾರ ದೇಹದಲ್ಲಾದರೂ ಕಾರ್ಟಿಸೋಲ್ ಏರುಮುಖದಲ್ಲಿರುತ್ತದೆ. ಮಧುಮೇಹಿಗಳಲ್ಲಿ ಅದೂ ಒಂದು ಕಾರಣವಾಗಿ ಖಾಲಿ ಹೊಟ್ಟೆಯ ಸಕ್ಕರೆ ಹೆಚ್ಚಾಗುವುದುಂಟು. ಆ ಏರಿಕೆಯ ಮೇಲೆ ಆಟದ ಏರಿಕೆ. ಗುಳಿಗೆ ನುಂಗುವುದು ತಿಂಡಿಯ ಹೊತ್ತಿಗೆ, ಅಂದರೆ ಆಟದ ನಂತರ.

ಲೆಕ್ಕದವನ ಚಾಳಿ ಬಿಡುವುದಿಲ್ಲ. ಒಂದೇ ನಮೂದು ನೋಡಿ ವರ್ಷದ ಲಾಭ-ನಷ್ಟ ಯಾರೂ ಹೇಳುವುದಿಲ್ಲ. ಹಾಗಿರುವಾಗ ಆಟ ಮುಗಿದ ಕ್ಷಣದ ಒಂದು ಅಂಕಿಯಿಂದ ಆಟ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸುವುದು ಹೇಗೆ? ಹಳೆಯ ಖಾತೆ ಪುಸ್ತಕವೊಂದರಲ್ಲಿ ಗೆರೆ ಎಳೆದೆ. ಆಟದ ಮುಂಚೆ, ಮುಗಿದ ತಕ್ಷಣ, ಒಂದು ಗಂಟೆಯ ನಂತರ, ಎರಡು ಗಂಟೆಯ ನಂತರ, ಮಧ್ಯಾಹ್ನದ ಊಟದ ಮುಂಚೆ, ಮರುದಿನ ಬೆಳಿಗ್ಗೆ. ಪಕ್ಕದಲ್ಲಿ ಷರಾ ಬರೆಯಲು ಒಂದು ಅಗಲವಾದ ಕಾಲಂ. ಷರಾ ಕಾಲಂ ಇಲ್ಲದ ದಾಖಲೆ ಯಾವ ಕೆಲಸಕ್ಕೂ ಬಾರದು. ರಾತ್ರಿ ನಿದ್ದೆ ಕೆಟ್ಟಿತ್ತೇ, ಹಿಂದಿನ ದಿನ ಮದುವೆ ಊಟವಿತ್ತೇ, ನೆಗಡಿ ಇತ್ತೇ ಎಂಬುದೆಲ್ಲ ಅಲ್ಲಿಯೇ ಸಿಗುವುದು.

ಒಂದು ಭಾನುವಾರದ ಪುಟ ಹೀಗಿದೆ. ಆ ದಿನ ವೈದ್ಯರನ್ನು ಕೇಳಿ ತಿಂಡಿಯನ್ನೂ ಅದರ ಜೊತೆಗಿನ ಗುಳಿಗೆಯನ್ನೂ ಮುಂದಕ್ಕೆ ಹಾಕಿದ್ದೆ, ಏರಿದ್ದು ತಾನಾಗಿ ಇಳಿಯುತ್ತದೆಯೇ ನೋಡೋಣವೆಂದು. ಆಟದ ಮುಂಚೆ 146, ಮುಗಿದಾಗ 209, ಗಂಟೆಯ ನಂತರ 184, ಎರಡು ಗಂಟೆಗೆ 155. ಏನೂ ಮಾಡದೆ ಇಳಿಯಿತು. ಊಟದ ಮುಂಚೆ 121. ಆಡದ ದಿನಗಳಲ್ಲಿ ಅದೇ ಹೊತ್ತಿಗೆ 140ರ ಮೇಲೇ ಇರುತ್ತಿತ್ತು. ಮರುದಿನ ಬೆಳಿಗ್ಗೆ 128. ಬರಿದಾದ ಸ್ನಾಯುಗಳು ತಮ್ಮ ಗ್ಲೈಕೋಜನ್ ದಾಸ್ತಾನನ್ನು ಮತ್ತೆ ತುಂಬಿಕೊಳ್ಳಲು ಇಡೀ ದಿನ ರಕ್ತದಿಂದ ಗ್ಲೂಕೋಸ್ ಎಳೆಯುತ್ತಲೇ ಇರುತ್ತವೆ, ಇನ್ಸುಲಿನ್ ಮಾತನ್ನೂ ಹೆಚ್ಚು ಕೇಳುತ್ತವೆ. ಈ ಗುಣ ಒಂದರಿಂದ ಮೂರು ದಿನ ಉಳಿಯಬಹುದು. ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡದೆ ವ್ಯಾಯಾಮ ಮಾಡಿ ಎಂದು ಮಧುಮೇಹಿಗಳಿಗೆ ಹೇಳುವುದು ಇದೇ ಕಾರಣಕ್ಕೆ.

ಷರಾ ಕಾಲಂನಲ್ಲಿ ಒಂದು ತಮಾಷೆಯೂ ಸಿಕ್ಕಿತು. ಸೋತವರು ಎಲ್ಲರಿಗೂ ಚಹಾ ಕೊಡಿಸಬೇಕೆಂಬ ಪಣ ಕಟ್ಟಿದ ದಿನ ಸಕ್ಕರೆ ಹೆಚ್ಚು ಏರಿತ್ತು, ಸುಮ್ಮನೆ ಆಡಿದ ದಿನ ಕಡಿಮೆ. ಡಬಲ್ಸ್‌ಗಿಂತ ಸಿಂಗಲ್ಸ್‌ನಲ್ಲಿ ಹೆಚ್ಚು. ಸ್ಪರ್ಧೆಯ ಉದ್ವೇಗವೂ ಅಡ್ರಿನಲಿನ್ ತರುತ್ತದೆ. ಯಕೃತ್ತಿಗೆ ಹುಲಿ ಅಟ್ಟಿಸಿಕೊಂಡು ಬಂದದ್ದಕ್ಕೂ ನಾಲ್ಕು ಕಪ್ ಚಹಾಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಏರಿಕೆ ತಾತ್ಕಾಲಿಕ ಎಂದು ಗೊತ್ತಾದ ಮೇಲೂ ಅದನ್ನು ತಗ್ಗಿಸಲು ಸಾಧ್ಯವೇ ಎಂದು ಹುಡುಕಿದೆ. ಒಂದು ವಾರಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಮಾಡಿದರೆ ಯಾವುದು ಕೆಲಸ ಮಾಡಿತು ಎಂದು ಹೇಳಲಾಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಆಟದ ಕೊನೆಯ ನಡಿಗೆ. ಮೊದಲೆಲ್ಲ ಕೊನೆಯ ಪಾಯಿಂಟ್ ಮುಗಿದ ಕೂಡಲೇ ಕಟ್ಟೆಯ ಮೇಲೆ ಕೂತು ಹರಟೆ. ಆಗ ಯಕೃತ್ತು ಬಿಟ್ಟ ಸಕ್ಕರೆಯನ್ನು ಬಳಸಿಕೊಳ್ಳುವವರೇ ಇಲ್ಲ. ಈಗ ರ‍್ಯಾಕೆಟ್ ಚೀಲಕ್ಕೆ ಹಾಕಿ ಇಪ್ಪತ್ತು ನಿಮಿಷ ನಡೆಯುತ್ತೇನೆ, ಮಾತಾಡುತ್ತ ನಡೆಯಬಹುದಾದ ವೇಗದಲ್ಲಿ. ದುಡಿಯುವ ಸ್ನಾಯು ಇನ್ಸುಲಿನ್ ಸಹಾಯವಿಲ್ಲದೆಯೂ ಗ್ಲೂಕೋಸನ್ನು ಒಳಗೆ ಎಳೆದುಕೊಳ್ಳಬಲ್ಲದು. ಹಗುರ ನಡಿಗೆಯಲ್ಲಿ ಅಡ್ರಿನಲಿನ್ ಆರ್ಭಟವೂ ಇರುವುದಿಲ್ಲ. 200 ದಾಟುತ್ತಿದ್ದ ಅಂಕಿ ಮನೆ ತಲುಪುವ ಹೊತ್ತಿಗೆ 170ರ ಸುತ್ತ ಬರತೊಡಗಿತು. ಆಟದ ಮುಂಚೆಯೂ ಹತ್ತು ನಿಮಿಷ ನಡೆದು, ನಿಧಾನವಾಗಿ ಮೈ ಬಿಸಿ ಮಾಡಿಕೊಂಡೇ ಅಂಕಣಕ್ಕೆ ಇಳಿಯುತ್ತೇನೆ.

ಎರಡನೆಯದು ಹೊತ್ತಿನ ಬದಲಾವಣೆ. ವಾರದಲ್ಲಿ ಎರಡು ದಿನ ಸಂಜೆ ಆರೂವರೆಗೆ ಆಡುವ ಇನ್ನೊಂದು ಗುಂಪು ಹಿಡಿದೆ. ಸಂಜೆ ಅದೇ ಬಿರುಸಿನ ಆಟಕ್ಕೆ ಏರಿಕೆ ಇಪ್ಪತ್ತು ಮೂವತ್ತು ಅಂಕಿಯನ್ನು ದಾಟುವುದು ಅಪರೂಪ. ಕೆಲವು ದಿನ ಇಳಿದದ್ದೂ ಇದೆ. ಬೆಳಿಗ್ಗೆ ಆಡುವ ದಿನ ಒಂದು ಸಣ್ಣ ಹಿಡಿ ಪುಟಾಣಿ, ಅಂದರೆ ಹುರಿಗಡಲೆ, ತಿಂದು ಹೊರಡುತ್ತೇನೆ. ಪೂರ್ತಿ ಖಾಲಿ ಹೊಟ್ಟೆಗಿಂತ ಅದು ನನಗೆ ಒಗ್ಗಿತು. ಎಲ್ಲರಿಗೂ ಒಗ್ಗುತ್ತದೆ ಎಂದು ಹೇಳಲಾರೆ.

ಊಟದ ವಿಷಯದಲ್ಲಿ ನಮ್ಮ ಕಡೆ ಒಂದು ಗಟ್ಟಿ ನಂಬಿಕೆ ಇದೆ: ಜೋಳದ ರೊಟ್ಟಿ ಎಷ್ಟು ತಿಂದರೂ ನಡೆಯುತ್ತದೆ. ಆಡಿ ಬಂದ ಹಸಿವಿನಲ್ಲಿ ನಾಲ್ಕನೆಯ ರೊಟ್ಟಿಗೆ ಕೈ ಹಾಕಿದಾಗ ಮನೆಯವಳು, ‘ರೀ, ಜೋಳವೂ ಪಿಷ್ಟವೇ ಅಲ್ಲವೇ?’ ಎಂದಳು. ಅದಕ್ಕೆ ಉತ್ತರವಿರಲಿಲ್ಲ. ಎರಡು ರೊಟ್ಟಿ, ಪುಂಡಿ ಪಲ್ಯ, ಗಟ್ಟಿ ತೊಗರಿ ಬೇಳೆ, ಮೇಲೊಂದಿಷ್ಟು ಶೇಂಗಾ ಹಿಂಡಿ, ಮೊಸರು. ಹಸಿವು ಬೇಳೆಯಿಂದ ತುಂಬಲಿ ಎಂಬ ಏರ್ಪಾಡು.

ಇನ್ನು ನಾನು ಮಾಡದೇ ಇದ್ದ ಒಂದು ಕೆಲಸದ ಬಗ್ಗೆ ಹೇಳಲೇಬೇಕು. ಗುಂಪಿನ ಗೆಳೆಯರೊಬ್ಬರು, ಅವರಿಗೂ ಶುಗರ್ ಇದೆ, ಪ್ರೀತಿಯಿಂದಲೇ ಹೇಳಿದರು: ‘ಅಣ್ಣಾ, ಆಡುವ ದಿನ ಗ್ಲಿಮೆಪಿರೈಡ್ ಅರ್ಧ ಗುಳಿಗೆ ಹೆಚ್ಚು ತೆಗೆದುಕೊಂಡುಬಿಡಿ.’ ಈ ಸಲಹೆ ಅಪಾಯದ್ದು. ಆಟದ ಏರಿಕೆ ಎರಡು ಗಂಟೆಯಲ್ಲಿ ಹೋಗುತ್ತದೆ. ಗುಳಿಗೆಯ ಕೆಲಸ ದಿನವಿಡೀ ನಡೆಯುತ್ತದೆ, ಅದೂ ಸ್ನಾಯುಗಳು ಸಕ್ಕರೆ ಎಳೆಯುತ್ತಿರುವ ಹೊತ್ತಿನಲ್ಲೇ. ಎರಡೂ ಸೇರಿದರೆ ಮಧ್ಯಾಹ್ನವೋ ರಾತ್ರಿಯೋ ಸಕ್ಕರೆ ತಳಕ್ಕೆ ಬೀಳಬಹುದು.

ಹೆಚ್ಚು ಗುಳಿಗೆ ನುಂಗದೆಯೇ ನನಗೆ ಅದರ ರುಚಿ ಸಿಕ್ಕಿತು. ಆಟಕ್ಕೆ ಚೆನ್ನಾಗಿ ಪಳಗಿದ ಮೇಲೆ, ಒಂದು ದಿನ ಊಟ ತಡವಾಗಿ, ಮಿಲ್‌ನಲ್ಲಿ ಜಿಎಸ್‌ಟಿ ಲೆಕ್ಕ ಹಿಡಿದು ಕೂತಿದ್ದಾಗ ಕೂಡಿಸುವ ಅಂಕಿಗಳು ಕೂಡಲೊಲ್ಲವು. ಬೆರಳು ನಡುಗಿತು, ಫ್ಯಾನ್ ಕೆಳಗೇ ಕುತ್ತಿಗೆ ಒದ್ದೆಯಾಯಿತು. ಯಂತ್ರ 62 ತೋರಿಸಿತು. ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದೆ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದೆ, 94. ಆಮೇಲೆ ಊಟ. 70ಕ್ಕಿಂತ ಕೆಳಗಿಳಿದಾಗ ಇದೇ ಕ್ರಮ: ಹದಿನೈದು ಗ್ರಾಂ ಬೇಗ ಕರಗುವ ಸಕ್ಕರೆ, ಹದಿನೈದು ನಿಮಿಷ ಕಾಯುವುದು, ಮತ್ತೆ ಪರೀಕ್ಷೆ. ಖಾತೆ ಪುಸ್ತಕ ತೋರಿಸಿದಾಗ ವೈದ್ಯರು ಗ್ಲಿಮೆಪಿರೈಡನ್ನು 2 ಮಿಲಿಗ್ರಾಂನಿಂದ 1ಕ್ಕೆ ಇಳಿಸಿದರು. ಆಟದ ನಂತರದ 213 ನೋಡಿ ಔಷಧ ಏರಿಸಲು ಹೊರಟವನಿಗೆ, ಇಡೀ ಪುಟ ನೋಡಿದ ಮೇಲೆ ಇಳಿಸುವ ಸಲಹೆ ಸಿಗುವುದು ಎಷ್ಟು ವಿಚಿತ್ರ!

ದೇಹ ತಾನಾಗಿ ಇನ್ಸುಲಿನ್ ಬಹುತೇಕ ತಯಾರಿಸದ ಟೈಪ್ 1 ಮಧುಮೇಹ ಇರುವವರ ಲೆಕ್ಕ ಬೇರೆ. ನಮ್ಮ ಸಂಜೆಯ ಗುಂಪಿನಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಕಾಲೇಜು ಹುಡುಗನೊಬ್ಬನಿದ್ದಾನೆ. ಅವನು ಆಡುವ ಮೊದಲು 250 ದಾಟಿದ್ದರೆ ಕೀಟೋನ್, ಅಂದರೆ ಇನ್ಸುಲಿನ್ ಸಾಲದಾಗ ಕೊಬ್ಬು ಒಡೆದು ರಕ್ತಕ್ಕೆ ಸೇರುವ ಆಮ್ಲ, ಇದೆಯೇ ಎಂದು ಪರೀಕ್ಷಿಸುತ್ತಾನೆ. ಕೀಟೋನ್ ಕಂಡರೆ ಆ ದಿನ ಆಟವಿಲ್ಲ. ಇನ್ಸುಲಿನ್ ಸಾಲದ ದೇಹಕ್ಕೆ ವ್ಯಾಯಾಮ ಆಗ ವಿಷವೇ. ಆಟದ ನಂತರದ ಏರಿಕೆಗೆ ಅವನು ಪೂರ್ತಿ ಡೋಸ್ ಚುಚ್ಚಿಕೊಳ್ಳುವುದಿಲ್ಲ, ತನ್ನ ವೈದ್ಯರು ಹೇಳಿದಷ್ಟು ಕಡಿಮೆ ಪ್ರಮಾಣ ಮಾತ್ರ, ಇಲ್ಲವಾದರೆ ನಡುರಾತ್ರಿ ಕುಸಿಯುವ ಭಯ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ, ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಗುಳಿಗೆ ನುಂಗುವವರೂ ನೀರಡಿಕೆಯ ಬಗ್ಗೆ ಹುಷಾರಾಗಿರಬೇಕು. ಅವರಲ್ಲಿ ಸಕ್ಕರೆ ಅಷ್ಟೇನೂ ಏರದೆಯೇ ಕೀಟೋನ್ ಏರಬಹುದು.

ನೀರಿನ ಮಾತು ನಮ್ಮ ಊರಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಏಪ್ರಿಲ್, ಮೇ ತಿಂಗಳ ಕಲಬುರಗಿಯಲ್ಲಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಬೆವರಿ ನೀರು ಕಳೆದುಕೊಂಡ ದೇಹದಲ್ಲಿ ರಕ್ತ ಮಂದವಾಗಿ ಸಕ್ಕರೆಯ ಅಂಕಿಯೂ ಏರುತ್ತದೆ. ಬೇಸಿಗೆಯಲ್ಲಿ ಸಂಜೆಯ ಆಟ ನಿಲ್ಲಿಸಿ ಬೆಳಗಿನದನ್ನು ಮಾತ್ರ ಇಟ್ಟುಕೊಂಡೆ, ಉಪ್ಪು ಹಾಕಿದ ತೆಳು ಮಜ್ಜಿಗೆ ಬಾಟಲಿಯಲ್ಲಿ ಒಯ್ಯತೊಡಗಿದೆ. ಗ್ಲುಕೋಮೀಟರಿಗೆ ಹಾಕುವ ಪರೀಕ್ಷಾ ಸ್ಟ್ರಿಪ್‌ಗಳೂ ಬಿಸಿಲಿಗೆ ಕೆಡುತ್ತವೆ. ಡಬ್ಬಿಯ ಮೇಲೆ ಬರೆದಿರುವ ಉಷ್ಣಾಂಶದ ಮಿತಿ ಬಹುತೇಕ 30 ಡಿಗ್ರಿಯ ಆಸುಪಾಸಿನದು. ಸ್ಕೂಟರ್ ಡಿಕ್ಕಿಯಲ್ಲಿ ಮಧ್ಯಾಹ್ನ ಕಳೆದ ಸ್ಟ್ರಿಪ್ ಹೇಳುವ ಮಾತನ್ನು ನಂಬುವಂತಿಲ್ಲ.

ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಆಟ ಶುರು ಮಾಡುವಾಗ 8.1 ಇತ್ತು, ಈಗ 7.2. ಬೆಳಗಿನ ಆಟದ ನಂತರ ಸಕ್ಕರೆ ಇಂದಿಗೂ ತುಸು ಏರುತ್ತದೆ, ಏರಲಿ. ಎರಡು ಮೂರು ಗಂಟೆಯಾದರೂ 250ರಿಂದ ಕೆಳಗಿಳಿಯದಿದ್ದರೆ, ಎದೆ ಹಿಡಿದಂತಾದರೆ, ವಾಂತಿ ಬಂದರೆ ಮಾತ್ರ ಕಾಯದೆ ಆಸ್ಪತ್ರೆಗೆ ಹೋಗಬೇಕೆಂದು ಮನೆಯವರಿಗೂ ಗುಂಪಿನವರಿಗೂ ಹೇಳಿಟ್ಟಿದ್ದೇನೆ.

ಒಂದು ಸ್ಟ್ರಿಪ್‌ಗೆ ಇಪ್ಪತ್ತು ರೂಪಾಯಿಯ ಆಸುಪಾಸು ಬೀಳುವುದರಿಂದ ದಿನಕ್ಕೆ ಆರು ಸಲ ಚುಚ್ಚಿಕೊಳ್ಳುವ ಐಷಾರಾಮ ಬಹಳ ದಿನ ನಡೆಯಲಿಲ್ಲ. ಔಷಧ, ಆಟದ ಹೊತ್ತು ಅಥವಾ ಊಟ ಬದಲಾದ ವಾರದಲ್ಲಿ ಮಾತ್ರ ಪೂರ್ತಿ ಸಾಲು ತುಂಬಿಸುತ್ತೇನೆ. ಉಳಿದ ದಿನ ಎರಡೇ ಅಂಕಿ: ಬೆಳಗಿನದು, ಮಧ್ಯಾಹ್ನದ ಊಟದ ಮುಂಚಿನದು. ಆಟ ಮುಗಿದ ತಕ್ಷಣದ ಕಾಲಂ ಹೆಚ್ಚಿನ ದಿನ ಖಾಲಿಯೇ ಇರುತ್ತದೆ.