ಇಟ್ಟಂಗಿ ಗೂಡಿನಲ್ಲಿ ಮೂರು ದಿನ ಬಾಡದ ಕೊತ್ತಂಬರಿ

ಈ ಏಪ್ರಿಲ್‌ನಲ್ಲಿ ಸಿಂಧನೂರು ಸಂತೆಗೆ ಮೂರು ದಿನದ ಹಿಂದೆ ಕಿತ್ತ ಕೊತ್ತಂಬರಿ ಒಯ್ದಿದ್ದೆ. ಕೇಳಿದವರಿಗೆ ದಿನ ಹೇಳಿದೆ, ಯಾರೂ ನಂಬಲಿಲ್ಲ. ಸಿವುಡಿಗೆ ಹತ್ತು ರೂಪಾಯಿ ಸಿಕ್ಕಿತು. ಹೋದ ವರ್ಷ ಹತ್ತು ಗಂಟೆಗೆಲ್ಲ ಬಾಡಿ ಮೂರು ರೂಪಾಯಿಗೆ ಕೊಟ್ಟು ಬರುತ್ತಿದ್ದೆ.

ಈ ಸಲ ಕೊತ್ತಂಬರಿ ಇಟ್ಟಿದ್ದು ನಾನೇ ಕಟ್ಟಿದ ತಂಪು ಗೂಡಿನಲ್ಲಿ. ದೆಹಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯವರು ರೂಪಿಸಿದ ಇದಕ್ಕೆ ಕರೆಂಟ್ ಬೇಡ. ಎರಡು ಇಟ್ಟಂಗಿ ಗೋಡೆ, ನಡುವೆ ಮೂರು ಇಂಚು ಒದ್ದೆ ಉಸುಕು. "ಇಟ್ಟಂಗ್ಯಾಗ ಪಲ್ಲೆ ತಣ್ಣಗಿರತೈತೇನು?" ಅಂದಿದ್ದರು ಅಪ್ಪ.

ಮೊದಲ ಸಲ ಗೌಂಡಿ ಚೆಂದ ಕಾಣಲಿ ಅಂತ ಹೊರಗೆ ಸಿಮೆಂಟ್ ಗಿಲಾವು ಮಾಡಿಬಿಟ್ಟ. ಎಷ್ಟು ನೀರು ಹೊಯ್ದರೂ ಒಳಗೆ 38 ಡಿಗ್ರಿ. ನೀರು ಇಟ್ಟಂಗಿಯಿಂದ ಹೊರಬಂದು ಆರಿದರೆ ತಾನೇ ಶಾಖ ಹೋಗೋದು? ಒಡೆಸಿದೆ. ಸುಮಾರು 400 ಇಟ್ಟಂಗಿಯಲ್ಲಿ ಕಾಲು ಭಾಗ ಚೂರಾಯಿತು, ಕೂಲಿ ಸೇರಿ ಐದು ಸಾವಿರ ಹೋಯಿತು.

ಎರಡನೇ ಸಲ ಗಾರೆ ಇಲ್ಲದೆ ಜೋಡಿಸಿದೆ. ಆದರೆ ಬಿಸಿಗಾಳಿ ಬಡಿಯಬಾರದು ಅಂತ ಸುತ್ತ ತಾಡಪತ್ರಿ ಕಟ್ಟಿದೆ. ಮೆಂತ್ಯೆ ಕೊಳೆತು ನಾರಿತು. ನಮ್ಮ ಒಣ ಬಿಸಿಗಾಳಿಯೇ ಇದಕ್ಕೆ ಬೇಕು, ತೇವವನ್ನು ಹೀರಿ ಒಯ್ಯೋದು ಅದೇ. ಈಗ ಗೂಡು ಬೇವಿನ ಮರದ ಕೆಳಗಿದೆ. ಮೇಲೆ ಜೋಳದ ಸೊಪ್ಪೆಯ ನೆರಳು, ಪಕ್ಕಗಳೆಲ್ಲ ಬಯಲು. ಹೊರಗೆ 42 ಇದ್ದಾಗ ಒಳಗೆ 28! ದಿನಕ್ಕೆ ಎರಡು ಹೊತ್ತು ಸೇರಿ ನಲವತ್ತು ಲೀಟರ್ ನೀರು ಸಾಕು. 

ಬೋರ್ ನೀರು ಮಾತ್ರ ಹಾಕಬೇಡಿ. ಎರಡನೇ ತಿಂಗಳಿಗೆ ಇಟ್ಟಂಗಿ ಮೇಲೆ ಸುಣ್ಣ ಹಚ್ಚಿದಂತೆ ಬಿಳಿ ಉಪ್ಪು ಕಟ್ಟಿತು. ಉಗುರಿನಿಂದ ಕೆರೆದರೆ ಪುಡಿ ಉದುರುತ್ತಿತ್ತು. ಒಳಗೆ 31ಕ್ಕೆ ಏರಿತ್ತು. ಬ್ರಷ್‌ನಿಂದ ಉಜ್ಜಿ, ಕೆರೆ ನೀರಿಗೆ ಬದಲಾಯಿಸಿದೆ.

ಇದೇ ಗುಂಗಿನಲ್ಲಿ ಮನೆಯ ಎರಡು ಮಣ್ಣಿನ ಹರವಿಗಳ ನೀರನ್ನೂ ಅಳೆದೆ. ಒಂದಕ್ಕೆ ಹಬ್ಬಕ್ಕೆಂದು ಮನೆಯವರು ಎಣ್ಣೆ ಬಣ್ಣ ಬಳಿದಿದ್ದರು, ಆ ಹರವಿಯ ನೀರು ನಾಲ್ಕು ಡಿಗ್ರಿ ಜಾಸ್ತಿ ಬಿಸಿ.

ಗೂಡು ಕಟ್ಟುವ ಮೊದಲು ಥರ್ಮಾಮೀಟರ್ ತುದಿಗೆ ಒದ್ದೆ ಬಟ್ಟೆ ಸುತ್ತಿ ಫ್ಯಾನಿನ ಮುಂದೆ ಹಿಡಿಯಿರಿ. ಅದು ತೋರಿಸಿದ್ದಕ್ಕಿಂತ ಕೆಳಗೆ ಗೂಡು ಇಳಿಯಲ್ಲ. ಏಪ್ರಿಲ್‌ನಲ್ಲಿ ನನಗೆ 24 ತೋರಿಸಿತ್ತು. ಜುಲೈ ಜಿಟಿಜಿಟಿಯಲ್ಲಿ ಹೊರಗೆ 31, ಒದ್ದೆ ಬಟ್ಟೆಯಲ್ಲಿ 27. ಆಗ ನೀರು ಹಾಕೋದು ನಿಲ್ಲಿಸಿ ಗೂಡಿನಲ್ಲಿ ಈರುಳ್ಳಿ ಇಟ್ಟೆ.