ಹಾಕಿ ಬೆಟ್ಟಿಂಗ್: ಗೆಲುವಿನ ಸರಣಿ ನೋಡಿ ದುಡ್ಡು ಹಾಕಬೇಡಿ

ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ತಂಡವೊಂದು ಸತತ ಗೆಲ್ಲುತ್ತಿದ್ದರೆ ಮೊದಲು ಅದರ ಪಿಡಿಒ ನೋಡಿ. ಶೂಟಿಂಗ್ ಶೇಕಡಾವಾರು (ಗುರಿ ಮುಟ್ಟಿದ ಹೊಡೆತಗಳಲ್ಲಿ ಗೋಲಾದದ್ದು) ಮತ್ತು ಸೇವ್ ಶೇಕಡಾವಾರು (ಎದುರಾಳಿಯ ಅಂಥ ಹೊಡೆತಗಳಲ್ಲಿ ಗೋಲ್‌ಕೀಪರ್ ತಡೆದದ್ದು) ಇವೆರಡನ್ನು ಕೂಡಿದರೆ ಸಿಗುವ ಸಂಖ್ಯೆ ಇದು. ಲೀಗ್ ಸರಾಸರಿ 100ರ ಆಸುಪಾಸು. ಪಿಡಿಒ 103 ಇದ್ದು, ನಿರೀಕ್ಷಿತ ಗೋಲುಗಳಲ್ಲಿ (ಹೊಡೆತಗಳ ಗುಣಮಟ್ಟ ನೋಡಿ ಎಷ್ಟು ಗೋಲು ಬರಬೇಕಿತ್ತು ಎಂಬ ಅಂದಾಜು) ತಂಡದ ಪಾಲು ಶೇ. 50ಕ್ಕಿಂತ ಕಡಿಮೆಯಿದ್ದರೆ ಅದು ಬಹುಪಾಲು ಅದೃಷ್ಟದ ಆಟ.

ತಂಡದ ನಿಜವಾದ ಬಲ ತಿಳಿಯಲು ಕೋರ್ಸಿ ನೋಡಿ. ಕೋರ್ಸಿ ಎಂದರೆ ಗುರಿ ತಪ್ಪಿದ್ದು, ಮಧ್ಯೆ ತಡೆದದ್ದು ಸೇರಿ ಗೋಲಿನತ್ತ ಹೋದ ಎಲ್ಲ ಹೊಡೆತ. ಐವರ ಎದುರು ಐವರು ಆಡಿದ ಹೊತ್ತಿನದ್ದನ್ನಷ್ಟೇ, ಅದರಲ್ಲೂ ಸ್ಕೋರ್‌ಗೆ ತಕ್ಕಂತೆ ಸರಿಪಡಿಸಿದ್ದನ್ನೇ ತೆಗೆದುಕೊಳ್ಳಿ. ಹಿಂದಿರುವ ತಂಡ ಸಿಕ್ಕಸಿಕ್ಕಲ್ಲಿಂದ ಹೊಡೆಯುತ್ತದೆ, ಮುಂದಿರುವವರು ರಕ್ಷಣೆಗೆ ಕೂರುತ್ತಾರೆ; ಹಸಿ ಅಂಕಿಯಲ್ಲಿ ಸೋಲುವವರೇ ಬಲಶಾಲಿಗಳಾಗಿ ಕಾಣುತ್ತಾರೆ.

ಇನ್ನು ಆಡ್ಸ್, ಅಂದರೆ ಗೆದ್ದರೆ ಹಾಕಿದ ಒಂದು ರೂಪಾಯಿಗೆ ಒಟ್ಟು ಮರಳಿ ಸಿಗುವ ಮೊತ್ತ. ಎರಡು ತಂಡಗಳಿಗೆ 1.80 ಮತ್ತು 2.10 ಕೊಟ್ಟಿದ್ದಾರೆ ಅನ್ನಿ. 100ನ್ನು ಇವುಗಳಿಂದ ಭಾಗಿಸಿದರೆ 55.6 ಮತ್ತು 47.6, ಒಟ್ಟು 103.2. ಮೇಲಿನ 3.2 ಬುಕ್ಕಿಯ ಪಾಲು. ಅದನ್ನು ಎರಡೂ ಕಡೆಯಿಂದ ಅನುಪಾತಕ್ಕೆ ತಕ್ಕಂತೆ ಕಳೆದರೆ (55.6ನ್ನು 103.2ರಿಂದ ಭಾಗಿಸಿದರೆ) ಮೊದಲ ತಂಡಕ್ಕೆ ಮಾರುಕಟ್ಟೆ ಕೊಡುವ ಅವಕಾಶ ಶೇ. 53.8. ಆದರೆ ನಿಮಗೆ ಹಣ ಸಿಗುವುದು 1.80ರ ದರದಲ್ಲೇ, ಹಾಗಾಗಿ ನಿಮ್ಮ ಅಂದಾಜು 55 ಬಂದರೂ ನಷ್ಟವೇ, 55.6 ದಾಟಲೇಬೇಕು.

ಗೋಲಿ (ಗೋಲ್‌ಕೀಪರ್) ಯಾರೆಂದು ಖಚಿತವಾಗುವ ತನಕ ಕಾಯಿರಿ. ಸತತ ಎರಡು ರಾತ್ರಿ ಪಂದ್ಯವಿದ್ದರೆ ಒಂದಕ್ಕೆ ಸಾಮಾನ್ಯವಾಗಿ ಎರಡನೇ ಗೋಲಿಯೇ ಇಳಿಯುವುದು. ಬೆಟ್ 60 ನಿಮಿಷಕ್ಕೋ, ಓವರ್‌ಟೈಮ್ ಸೇರಿಯೋ ಎಂಬುದನ್ನೂ ಓದಿಕೊಳ್ಳಿ.