ಹೊರದೇಶದಲ್ಲಿ ಹಳೇ ಹಾಯಿದೋಣಿ ಕೊಳ್ಳೋದು ಹೇಗೆ: ಲಂಕಾವಿಯಲ್ಲಿ ಕಲಿತದ್ದು

ದುಡ್ಡಿಂದ ಶುರು ಮಾಡೋಣ, ಜನ ಎಡವೋದು ಅಲ್ಲೇ. ಕೈಯಲ್ಲಿ 30 ಲಕ್ಷ ಇದ್ರೆ 30 ಲಕ್ಷದ ಬೋಟು ನೋಡ್ಬೇಡಿ, 20 ಲಕ್ಷದ್ದು ನೋಡಿ. ಮಿಕ್ಕಿದ್ದು ಮೊದಲ ವರ್ಷದಲ್ಲೇ ಬೋಟಿಗೆ ಹೋಗತ್ತೆ, ಹೋಗೇ ಹೋಗತ್ತೆ. ನಾನು ತಗೊಂಡಿದ್ದು 1983ರ 34 ಅಡಿ ಫೈಬರ್ ಬೋಟು, ಮಲೇಷ್ಯಾದ ಲಂಕಾವಿಯಲ್ಲಿ. ಚೌಕಾಸಿ ಮುಗಿದಿದ್ದು 22,000 ಡಾಲರಿಗೆ, ಆಮೇಲೆ ಹನ್ನೊಂದು ತಿಂಗಳಲ್ಲಿ ಅದರ ಮೇಲೆ ಸುರಿದಿದ್ದು 9,500. ಆ ದುಡ್ಡು ಮೊದಲೇ ಬೇರೆ ಎತ್ತಿಟ್ಟಿದ್ದೆ, ಅದಕ್ಕೇ ಸಾಲ ಮಾಡ್ದೆ ನೀರಿಗಿಳಿಯೋಕೆ ಆಯ್ತು.

ಇಂಡಿಯಾದಿಂದ ದುಡ್ಡು ಕಳಿಸೋರು ಇನ್ನೊಂದು ಲೆಕ್ಕ ಹಾಕ್ಕೊಳಿ. ಎಲ್‌ಆರ್‌ಎಸ್ (ಹೊರದೇಶಕ್ಕೆ ದುಡ್ಡು ಕಳಿಸೋಕೆ ಇರೋ ಆರ್‌ಬಿಐ ಯೋಜನೆ) ಅಡಿಯಲ್ಲಿ ಒಬ್ಬರು ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್ ತನಕ ಕಳಿಸ್ಬಹುದು, ಆದ್ರೆ ಇಂಥ ಖರ್ಚಿಗೆ 10 ಲಕ್ಷ ದಾಟಿದ ಮೇಲಿನ ಮೊತ್ತಕ್ಕೆ ಬ್ಯಾಂಕು 20% ಟಿಸಿಎಸ್ ಅಂತ ಮುಂಗಡ ತೆರಿಗೆ ಹಿಡ್ಕೊಳತ್ತೆ. 20 ಲಕ್ಷ ಕಳಿಸಿದ್ರೆ 2 ಲಕ್ಷ ಅಲ್ಲೇ ನಿಂತ್ಹೋಯ್ತು. ರಿಟರ್ನ್ಸ್ ಫೈಲ್ ಮಾಡಿದಾಗ ತೆರಿಗೆಗೆ ವಜಾ ಆಗತ್ತೆ ಇಲ್ಲಾ ವಾಪಸ್ ಬರತ್ತೆ, ಆದ್ರೆ ಬೋಟು ಕೊಳ್ಳೋ ತಿಂಗಳಲ್ಲಿ ಅದು ನಿಮ್ಮ ಕೈಲಿರಲ್ಲ. ಯಾವ ಪರ್ಪಸ್ ಕೋಡಲ್ಲಿ (ದುಡ್ಡು ಯಾತಕ್ಕೆ ಅಂತ ಹೇಳೋ ಕೋಡ್) ಕಳಿಸ್ಬೇಕು ಅಂತಾನೂ ಬ್ಯಾಂಕಲ್ಲಿ ಮುಂಚೆನೇ ಕೇಳಿಟ್ಕೊಳಿ.

ಲಂಕಾವಿನೇ ಯಾಕೆ ಅಂದ್ರೆ, ಅದು 1987ರಿಂದ ಡ್ಯೂಟಿ ಫ್ರೀ ದ್ವೀಪ, ಟೈಫೂನ್ ಓಡಾಡೋ ಪಟ್ಟಿಯಿಂದ ಹೊರಗಿದೆ, ಪಕ್ಕದಲ್ಲೇ ಥಾಯ್ಲೆಂಡ್. ಯುರೋಪು, ಆಸ್ಟ್ರೇಲಿಯಾದಿಂದ ಪ್ರಪಂಚ ಸುತ್ತೋಕೆ ಹೊರಟ ಎಷ್ಟೋ ಜನ ಅಲ್ಲಿಗೆ ಬಂದು ನಿಂತುಬಿಡ್ತಾರೆ. ಮುಂದಿನ ದಾರಿ ಕೆಂಪು ಸಮುದ್ರ, 2008ರ ಹೊತ್ತಿಗೆ ಸೊಮಾಲಿಯಾ ಕಡಲ್ಗಳ್ಳರ ಕಾಟ ಜೋರಾಯ್ತು, 2023ರ ಕೊನೆಯಿಂದ ಯೆಮನ್ನಿನ ಹೂತಿ ಬಂಡುಕೋರರ ದಾಳಿ, ಆ ದಾರಿ ಬೇಡ ಅಂದ್ರೆ ಇಡೀ ಆಫ್ರಿಕಾ ಸುತ್ಕೊಂಡು ಹೋಗ್ಬೇಕು. ಎಪ್ಪತ್ತು ದಾಟಿದ ಗಂಡ ಹೆಂಡತಿಗೆ ಅದು ಆಗೋ ಮಾತಲ್ಲ, ಮೊಮ್ಮಕ್ಕಳ ಹತ್ರ ಹೋಗೋಣ ಅನ್ಸತ್ತೆ, ಬೋಟು ಮಾರಾಟಕ್ಕೆ ಬರತ್ತೆ. ನಮ್ಮ ಪಾಸ್‌ಪೋರ್ಟಿಗೆ ಡಿಸೆಂಬರ್ 2023ರಿಂದ 30 ದಿನ ವೀಸಾ ಬೇಡ ಅಂತ ಮಾಡಿದಾರೆ, ಟಿಕೆಟ್ ಬುಕ್ ಮಾಡೋ ಮುಂಚೆ ಒಂದ್ಸಲ ಚೆಕ್ ಮಾಡಿ.

ಹಳೇ ಬೋಟು ಅಂದ್ರೆ ಮನೇಲಿ ಗಾಬರಿ ಬೀಳ್ತಾರೆ. ನಮ್ಮಮ್ಮನಿಗೆ ನಾನು ಹೇಳಿದ್ದು ತೃಷ್ಣಾ ಬಗ್ಗೆ. ನಮ್ಮ ಸೇನೆಯ ಇಂಜಿನಿಯರುಗಳು ಇಂಗ್ಲೆಂಡಿನಲ್ಲಿ ಕೊಂಡ 37 ಅಡಿಯ ಸೆಕೆಂಡ್ ಹ್ಯಾಂಡ್ ಬೋಟು ಅದು. 1985ರಲ್ಲಿ ಹೊರಟು ಪ್ರಪಂಚ ಸುತ್ತಿ 1987ರ ಜನವರಿಯಲ್ಲಿ ಮುಂಬೈ ಸೇರಿತು. ಬೋಟಿಗೆ ವಯಸ್ಸು ದೋಷ ಅಲ್ಲ, ನೋಡ್ಕೊಳ್ಳದೆ ಬಿಟ್ಟಿದ್ದು ದೋಷ.

ಅದಕ್ಕೇ ನನ್ನ ಖಡಕ್ ಅಭಿಪ್ರಾಯ, ಜನ ಇನ್ನೂ ವಾಸ ಇರೋ ಬೋಟನ್ನೇ ಕೊಳ್ಳಿ. ಯಾರ್ಡಲ್ಲಿ ನಾಲ್ಕೈದು ವರ್ಷದಿಂದ ಕಂಬ ಕೊಟ್ಟು ನಿಲ್ಲಿಸಿರೋ ಬೋಟು ಅರ್ಧ ಬೆಲೆಗೆ ಸಿಗತ್ತೆ, ಆಸೆ ಆಗತ್ತೆ, ಆದ್ರೆ ಆ ಬಿಸಿಲು ಮಳೆಯಲ್ಲಿ ಒಳಗಿನ ರಬ್ಬರ್ ಹೋಸೆಲ್ಲಾ ಸೀಳು ಬಿಟ್ಟಿರತ್ತೆ, ಹಾಯಿಯ ಹೊಲಿಗೆ ಬೆರಳಲ್ಲಿ ಎಳೆದ್ರೆ ಕಿತ್ತು ಬರತ್ತೆ, ಬ್ಯಾಟರಿ ಸತ್ತಿರತ್ತೆ, ಇಂಜಿನ್ ಒಳಗೆ ಉಪ್ಪುನೀರು ನಿಂತು ತುಕ್ಕು ಹಿಡಿದಿರತ್ತೆ, ಗೆದ್ದಲು ಹತ್ತಿರೋದೂ ಉಂಟು. ದಿನಾ ಅಡುಗೆ ಮಾಡ್ಕೊಂಡು, ವಾರಕ್ಕೊಂದ್ಸಲ ಇಂಜಿನ್ ಸ್ಟಾರ್ಟ್ ಮಾಡ್ಕೊಂಡು ಇರೋರ ಬೋಟಲ್ಲಿ ಏನು ಕೆಟ್ಟಿದೆ ಅಂತ ಅವರಿಗಾದ್ರೂ ಗೊತ್ತಿರತ್ತೆ.

ಎಲ್ಲರೂ ನೋಡೋಕೆ ಹೋಗೋದು ಡಿಸೆಂಬರಿಂದ ಮಾರ್ಚ್, ಹವಾ ಚೆನ್ನಾಗಿರತ್ತೆ ಅಂತ. ನಾನು ಹೇಳೋದು ಸೆಪ್ಟೆಂಬರ್ ಅಕ್ಟೋಬರಲ್ಲಿ ಹೋಗಿ, ಆಗ ಅಲ್ಲಿ ಭಾರಿ ಮಳೆ. ಕಿಟಕಿ ಸೋರೋದು, ಮಾಸ್ಟ್ (ಹಾಯಿ ಕಟ್ಟೋ ಕಂಬ) ಬುಡದಲ್ಲಿ ನೀರಿಳಿಯೋದು ಒಣಹವೆಯಲ್ಲಿ ಕಾಣೋದೇ ಇಲ್ಲ.

ಇನ್ನು ಕೈಯಲ್ಲಿ ಮುಟ್ಟಿ ನೋಡೋದು. ಡೆಕ್ಕಿನಲ್ಲಿ, ಅಂದ್ರೆ ಬೋಟಿನ ಮೇಲೆ ಓಡಾಡೋ ನೆಲದಲ್ಲಿ, ಎರಡು ಫೈಬರ್ ಪದರದ ನಡುವೆ ಬಾಲ್ಸಾ ಅನ್ನೋ ಹಗುರ ಮರ ಇಟ್ಟಿರ್ತಾರೆ, ಸ್ಕ್ರೂ ತೂತಲ್ಲಿ ನೀರಿಳಿದ್ರೆ ಅದು ಕೊಳೆಯತ್ತೆ, ಮೇಲಿಂದ ಪೇಂಟು ಫಳಫಳ ಅಂತಾನೇ ಇರತ್ತೆ. ಸ್ಕ್ರೂಡ್ರೈವರ್ ಹಿಡಿ ತಗೊಂಡು ಸಂತೆಯಲ್ಲಿ ಹಲಸಿನಹಣ್ಣು ತಟ್ಟಿ ನೋಡ್ತೀವಲ್ಲ ಹಾಗೆ ಗೇಣುಗೇಣಿಗೂ ತಟ್ಕೊಂಡು ಹೋಗಿ. ಟಕ್ ಟಕ್ ಅಂದ್ರೆ ಗಟ್ಟಿ, ದಬ್ ದಬ್ ಅಂದ್ರೆ ಒಳಗೆ ಮೆತ್ತಗಾಗಿದೆ. ನಾನು ಮೊದಲು ಮನಸು ಕೊಟ್ಟಿದ್ದು ಬೇರೆ ಬೋಟಿಗೆ, ಒಳಗಡೆ ಮರದ ಕೆಲಸ ದೇವರ ಮನೆ ಥರ ಇತ್ತು, ಮಾಸ್ಟ್ ಪಕ್ಕದಲ್ಲಿ ಮಂಡಿಯೂರಿ ತಟ್ಟಿದ್ರೆ ಎರಡು ಅಡಿ ಉದ್ದಕ್ಕೂ ದಬ್ ದಬ್. ಆದ್ರೂ ಮನಸು ಬಿಡ್ಲಿಲ್ಲ, ಅಡ್ವಾನ್ಸ್ ಕೊಟ್ಟೆ. ಬೋಟು ಪರೀಕ್ಷೆ ಮಾಡೋ ಸರ್ವೇಯರ್ ಬಂದು ತೇವದ ಮೀಟರ್ ಇಟ್ಟಾಗ ಅರ್ಧ ಡೆಕ್ ಹೋಗಿದೆ ಅಂತ ಗೊತ್ತಾಯ್ತು. ಒಪ್ಪಂದದಲ್ಲಿ ಸರ್ವೇ ಮತ್ತೆ ಸೀ ಟ್ರಯಲ್ (ಸಮುದ್ರದಲ್ಲಿ ಓಡಿಸಿ ನೋಡೋದು) ಒಪ್ಪಿಗೆಯಾದ್ರೆ ಮಾತ್ರ ಅಂತ ಒಂದು ಸಾಲು ಬರೆಸಿದ್ದೆ, ಅದೊಂದು ಸಾಲಿಂದ ಅಡ್ವಾನ್ಸ್ ಪೂರ್ತಿ ವಾಪಸ್ ಬಂತು. ಆ ಸಾಲಿಲ್ಲದೆ ಒಂದು ರಿಂಗಿಟ್ಟೂ ಕೊಡ್ಬೇಡಿ. ಸರ್ವೇಯರನ್ನೂ ಬ್ರೋಕರ್ ತೋರಿಸಿದವರನ್ನ ಬಿಟ್ಟು ನೀವೇ ಹುಡುಕಿ, ಬೋಟು ನೀರಿಂದ ಮೇಲೆತ್ತಿಸೋ ಖರ್ಚು ಸಾಮಾನ್ಯವಾಗಿ ಕೊಳ್ಳೋರದ್ದೇ, ಅದನ್ನ ಉಳಿಸೋಕೆ ಹೋಗ್ಬೇಡಿ.

ಮಾಸ್ಟ್ ಹಿಡಿದಿರೋ ಸ್ಟೀಲ್ ವೈರುಗಳು ಯಾವಾಗ ಹಾಕಿದ್ದು ಅಂತ ಕೇಳಿ, ಬಿಲ್ ತೋರ್ಸಿ ಅನ್ನಿ. ಹತ್ತು ಹದಿನೈದು ವರ್ಷ ದಾಟಿದ್ರೆ ಬದಲಾಯಿಸ್ಬೇಕು ಅಂತಾನೇ ಲೆಕ್ಕ ಹಾಕಿ, ಎಷ್ಟೋ ಇನ್ಶೂರೆನ್ಸ್ ಕಂಪನಿಗಳೂ ಅದನ್ನೇ ಕೇಳ್ತವೆ. ವೈರಿನ ತುದಿ ಫಿಟ್ಟಿಂಗಿಗೆ ಸೇರೋ ಜಾಗನ ಭೂತಗನ್ನಡಿ ಇಟ್ಟು ನೋಡಿ, ಕೂದಲೆಳೆಯಷ್ಟು ಬಿರುಕಿದ್ರೂ ಅದು ಹೋಯ್ತು ಅಂತಾನೇ. ವೈರುಗಳನ್ನ ಬೋಟಿನ ಒಡಲಿಗೆ ಕಟ್ಟಿರೋ ಲೋಹದ ಪಟ್ಟಿಗಳು ಇರ್ತವೆ, ಚೈನ್‌ಪ್ಲೇಟ್ ಅಂತಾರೆ. ಅವು ಡೆಕ್ಕೊಳಗೆ ಹಾದುಹೋಗೋ ಕಡೆ ಮರೆಯಲ್ಲಿ ತುಕ್ಕು ಹಿಡಿಯತ್ತೆ, ಒಂದನ್ನಾದ್ರೂ ಬಿಚ್ಚಿಸಿ ನೋಡಿ.

ಇಂಜಿನ್ ನೋಡೋ ದಿನ ಮೊದಲು ಕೈ ಇಡಿ. ಬೆಚ್ಚಗಿದ್ರೆ ನೀವು ಬರೋ ಮುಂಚೆನೇ ಸ್ಟಾರ್ಟ್ ಮಾಡಿ ಇಟ್ಟಿದಾರೆ, ನಾಳೆ ಬರ್ತೀನಿ ಅನ್ನಿ. ತಣ್ಣಗಿರೋ ಡೀಸೆಲ್ ಇಂಜಿನ್ ಹೇಗೆ ಹತ್ತತ್ತೆ ಅನ್ನೋದೇ ಅದರ ಜಾತಕ. ನೀಲಿ ಹೊಗೆ ಬರ್ತಾನೇ ಇದ್ರೆ ಆಯಿಲ್ ಉರೀತಿದೆ, ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಹಾಲು ಬೆರೆಸಿದ ಕಾಫಿ ಥರ ಕಂಡ್ರೆ ಒಳಗೆ ನೀರು ಸೇರಿದೆ. ಹಳೇ ಪರ್ಕಿನ್ಸ್, ಯಾನ್ಮಾರ್ ಇಂಜಿನ್ನುಗಳಿಗೆ ಹೆದರ್ಬೇಡಿ, ಪಾರ್ಟ್ಸ್ ಸಿಗತ್ತೆ.

ಸ್ಟೀಲ್ ಬೋಟಾದ್ರೆ ಅಲ್ಟ್ರಾಸೌಂಡಲ್ಲಿ ಪ್ಲೇಟಿನ ದಪ್ಪ ಅಳೆಸಿ, ತುಕ್ಕು ಒಳಗಿಂದ ಬರೋದು. ತೇಗದ ಡೆಕ್ ನೋಡೋಕೆ ಬಲು ಚೆಂದ, ಆದ್ರೆ ಸ್ಕ್ರೂ ಹೊಡೆದಿರೋ ಹಳೇದಾದ್ರೆ ಅಷ್ಟೂ ತೂತೂ ನೀರಿಗೆ ದಾರಿ. ಕಮ್ಮಿ ಬಜೆಟ್ಟಿನೋರು ಬಿಟ್ಟುಬಿಡಿ.

ಕಾಗದ ಪತ್ರದಲ್ಲಿ ಮುಖ್ಯ ಬಾವುಟ, ಅಂದ್ರೆ ಬೋಟು ಯಾವ ದೇಶದಲ್ಲಿ ರಿಜಿಸ್ಟರ್ ಆಗಿದೆ ಅನ್ನೋದು. ಮಾರೋರ ರಿಜಿಸ್ಟ್ರೇಷನ್ ನಿಮಗೆ ಹಾಗೇ ಬರಲ್ಲ. ಅಮೆರಿಕದ ಕೋಸ್ಟ್ ಗಾರ್ಡ್ ಡಾಕ್ಯುಮೆಂಟೇಷನ್ ಅಲ್ಲಿನ ನಾಗರಿಕರಿಗೆ ಮಾತ್ರ, ಬ್ರಿಟನ್ನಿನ ಸ್ಮಾಲ್ ಶಿಪ್ಸ್ ರಿಜಿಸ್ಟರ್ ಅಲ್ಲಿ ವಾಸ ಇರೋರಿಗೆ ಮಾತ್ರ. ಹಾಗಾಗಿ ನಿಮ್ಮ ಪೌರತ್ವಕ್ಕೆ, ವಾಸಕ್ಕೆ ಯಾವ ದೇಶ ಬಾವುಟ ಕೊಡತ್ತೆ ಅಂತ ಬೋಟು ಹುಡುಕೋ ಮುಂಚೆನೇ ತೀರ್ಮಾನ ಆಗಿರ್ಬೇಕು. ಬಿಲ್ ಆಫ್ ಸೇಲ್ ನೋಟರಿ ಮುಂದೆ ಆಗ್ಲಿ, ಹಿಂದಿನ ಮಾಲೀಕರ ಸರಪಳಿ ಪೂರ್ತಿ ಇರ್ಲಿ, ಹಳೇ ರಿಜಿಸ್ಟ್ರಿಯಿಂದ ಹೆಸರು ತೆಗೆಸಿದ ಸರ್ಟಿಫಿಕೇಟ್ ಕೈಗೆ ಬರ್ಲಿ, ಬೋಟಿನ ಮೇಲೆ ಸಾಲ ಆಗ್ಲಿ ಮರಿನಾ (ಬೋಟು ಕಟ್ಟಿ ನಿಲ್ಲಿಸೋ ಜಾಗ) ಬಾಕಿ ಆಗ್ಲಿ ಇಲ್ಲ ಅಂತ ಬರೆಸ್ಕೊಳಿ. ಇಪಿಐಆರ್‌ಬಿ (ಆಪತ್ತಲ್ಲಿ ಉಪಗ್ರಹಕ್ಕೆ ಸಿಗ್ನಲ್ ಕಳಿಸೋ ಸಾಧನ) ಇದ್ರೆ ಅದನ್ನೂ ನಿಮ್ಮ ಹೆಸರಿಗೆ ಮಾಡಿಸಿ, ಇಲ್ದಿದ್ರೆ ಆಪತ್ತಲ್ಲಿ ಫೋನ್ ಹೋಗೋದು ಹಳೇ ಮಾಲೀಕರ ಮನೆಗೆ.

ಎತ್ತಿಟ್ಟ ದುಡ್ಡಲ್ಲಿ ಮೊದಲು ರಿಗ್ಗಿಂಗ್ (ಮಾಸ್ಟ್ ಹಿಡಿದಿರೋ ಆ ವೈರುಗಳು), ಆಮೇಲೆ ತಳದಲ್ಲಿ ನೀರು ಒಳಬರೋ ವಾಲ್ವುಗಳು, ಆಮೇಲೆ ಒಳ್ಳೇ ಲಂಗರು ಮತ್ತೆ ಸರಪಳಿ. ಸೋಲಾರ್, ದೊಡ್ಡ ಸ್ಕ್ರೀನು ಎಲ್ಲಾ ಆಮೇಲೆ.

ಕೊನೇ ಕಂತು ಕಳಿಸೋ ಮುಂಚೆ ಹಳೇ ಮಾಲೀಕರ ಜೊತೆ ಎರಡು ದಿನ ಬೋಟಲ್ಲೇ ಇರಿ. ನನಗೆ ಮಾರಿದ ಅಜ್ಜ ನೆಲದ ಹಲಗೆ ಒಂದೊಂದಾಗಿ ಎತ್ತಿ, ಈ ಪೈಪು ಎಲ್ಲಿಗೆ ಹೋಗತ್ತೆ, ಈ ವಾಲ್ವು ಯಾವ ಕಡೆ ತಿರುಗಿಸ್ಬೇಕು, ಯಾವ ಪಂಪು ಕೈಕೊಡತ್ತೆ ಅಂತೆಲ್ಲಾ ತೋರ್ಸಿದ್ರು, ಎಲ್ಲಾ ಫೋನಲ್ಲಿ ವಿಡಿಯೋ ಮಾಡ್ಕೊಂಡೆ. ಹೊರಡೋವಾಗ 19 ವರ್ಷ ರಿಪೇರಿ ಬರೆದಿಟ್ಟಿದ್ದ ನೋಟ್‌ಬುಕ್ ಕೈಗಿಟ್ರು, ಡೀಸೆಲ್ ವಾಸನೆ, ಅಂಚೆಲ್ಲಾ ಕಪ್ಪು. ಅದು ಕೈಗೆ ಬಂದ ಮೇಲೇನೇ ನಾನು ಬಾಕಿ ದುಡ್ಡು ಕಳಿಸಿದ್ದು.